ಭೀಮಸಮುದ್ರದ ಕೆಂಧೂಳು

ಚಿತ್ರದುರ್ಗದಿಂದ ಹೊಳಲ್ಕೆರೆ ಸೀಮೆಯತ್ತ ಹೊರಟವರನ್ನು ಭೀಮಸಮುದ್ರ ಒಂದು ಗಳಿಗೆ ನಿಲ್ಲಿಸುತ್ತದೆ. ವಿಶಾಲವಾದ ಕೆರೆ, ಆಸುಪಾಸಿನಲ್ಲಿ ಅಡಿಕೆ ತೋಟ, ಆಚೆಗೆ ಕಬ್ಬಿಣದ ಅದಿರಿನ ಗುಡ್ಡಗಳು. ಅದಿರಿನ ಲಾರಿಗಳೆಬ್ಬಿಸುವ ಕೆಂಧೂಳು ಸೋಗೆಯ ಮೇಲೆ ಕೂರುತ್ತದೆಂಬುದು ತೋಟದವರ ಹಳೆಯ ದೂರು.

2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಗಣಿಗಾರಿಕೆಗೆ ತಡೆ ನೀಡಿತು. ಇಲ್ಲಿನ ಸೇಸಾ ಗೋವಾ ಗಣಿಯೂ ನಿಂತಿತು. ಅದರ ಮಾತೃಸಂಸ್ಥೆ ವೇದಾಂತ, 2012ರ ಜನವರಿಯಲ್ಲಿ ‘ಕ್ರಿಯೇಟಿಂಗ್ ಹ್ಯಾಪಿನೆಸ್’ ಎಂಬ ಜಾಹೀರಾತನ್ನು ಟಿ.ವಿ.ಗೆ ತಂದಿತು. ಅದರಲ್ಲಿ ಮಾರುವ ಸರಕಿಲ್ಲ. ರಾಜಸ್ಥಾನದ ಪುಟ್ಟ ಹುಡುಗಿಯ ನಗುವೇ ಸರಕು. ಜತೆಗೆ ಸಿನಿಮಾ ವಿದ್ಯಾರ್ಥಿಗಳಿಗೆ ಕಿರುಚಿತ್ರ ಸ್ಪರ್ಧೆ. ಒಡಿಶಾದ ನಿಯಮಗಿರಿ, ತಮಿಳುನಾಡಿನ ತೂತ್ತುಕುಡಿಯ ವಿವಾದಗಳನ್ನು ಟೀಕಾಕಾರರು ನೆನಪಿಸಿದಾಗ ತೀರ್ಪುಗಾರರಲ್ಲೊಬ್ಬರಾದ ನಟಿ ಗುಲ್ ಪನಾಗ್ ಹಿಂದೆ ಸರಿದರು.

2013ರ ಕೊನೆಗೆ ಇಲ್ಲಿನ ಗಣಿ ಮತ್ತೆ ತೆರೆಯಿತು. ಜಾಹೀರಾತಿನ ನಗು ಸುಳ್ಳೆಂದಲ್ಲ. ಆದರೆ ಒಂದೂರಿನ ನಗು ಇನ್ನೊಂದೂರಿನ ಧೂಳಿಗೆ ಉತ್ತರವಾಗದು. ಮಕ್ಕಳೊಡನೆ ಈ ದಾರಿಯಲ್ಲಿ ಹೋಗುವ ತಾಯ್ತಂದೆಯರು ಕೋಟೆ ತೋರಿಸಿದಷ್ಟೇ ಅಕ್ಕರೆಯಿಂದ ಒಂದು ಅಡಿಕೆ ಸೋಗೆಯನ್ನೂ ತೋರಿಸಲಿ. ಅದರ ಮೇಲೆ ಬೆರಳಾಡಿಸಿ ನೋಡುವುದನ್ನು ಯಾವ ಜಾಹೀರಾತೂ ಕಲಿಸುವುದಿಲ್ಲ.