ಸವೆದ ಹೆಬ್ಬೆಟ್ಟು

ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಕಡೆ ಅಡಕೆ ಸುಲಿದು, ಕಾಫಿ ಕೊಯ್ದು ಮುಪ್ಪಾದ ಹೆಂಗಸಿನ ಹೆಬ್ಬೆಟ್ಟನ್ನು ನೋಡಬೇಕು. ಗೆರೆಗಳೆಲ್ಲ ಸವೆದು, ಅಡಕೆಯ ಚೊಗರು ಕಪ್ಪಗೆ ಹತ್ತಿಕೊಂಡಿರುತ್ತದೆ.

೧೯೪೮ರ ನೌಕರರ ರಾಜ್ಯ ವಿಮೆಯೂ ಸೇರಿ ಒಂಬತ್ತು ಕಾಯಿದೆಗಳನ್ನು ಒಂದುಗೂಡಿಸಿದ ಸಾಮಾಜಿಕ ಭದ್ರತಾ ಸಂಹಿತೆಯನ್ನು ಪಾರ್ಲಿಮೆಂಟು ೨೦೨೦ರ ಸೆಪ್ಟೆಂಬರಿನಲ್ಲಿ ಅಂಗೀಕರಿಸಿತು. ೨೦೨೫ರ ನವೆಂಬರ್ ೨೧ರಂದು ಅದು ಜಾರಿಗೆ ಬಂದಿತು. ತೋಟದ ಆಳಿಗೂ ವಿಮೆಯ ಬಾಗಿಲು ತೆರೆಯಿತು. ಆದರೆ ಚಿಲಕ ಧಣಿಯ ಕೈಯಲ್ಲಿದೆ: ಆತ ಒಪ್ಪಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಒಪ್ಪಿದನೆನ್ನಿ. ಹೆಸರು ನೋಂದಾಯಿಸಲು ಆಧಾರ್ ಬೇಕು. ಹೆಬ್ಬೆಟ್ಟು ಕೈಕೊಟ್ಟರೆ ಕಣ್ಣಿನ ಗುರುತೂ ನಡೆದೀತು, ಆ ಯಂತ್ರ ಊರಿನಲ್ಲಿದ್ದರೆ! ಮುದುಕಿ ಬೆರಳನ್ನು ಸೆರಗಿಗೆ ಒರೆಸಿ ಗಾಜಿನ ಮೇಲಿಡುತ್ತಾಳೆ, ಯಂತ್ರ ಒಲ್ಲೆನೆನ್ನುತ್ತದೆ. ಅವಳು ಇನ್ನೊಮ್ಮೆ ಒರೆಸಿಕೊಳ್ಳುತ್ತಾಳೆ.