ತೊಟ್ಟಿಯೊಳಗಿನ ತಿಮಿಂಗಿಲ

ಪ್ರಾಣಿಗಳನ್ನು ಕುಣಿಸಿ ನೋಡುವ ಚಟ ಮನುಷ್ಯನಿಗೆ ಪುರಾತನವಾದುದು. ಕರಡಿ, ಕೋತಿಗಳ ಸಾಲಿಗೆ ಕಳೆದ ಶತಮಾನದಲ್ಲಿ ಸಮುದ್ರದ ಸಸ್ತನಿಗಳೂ ಸೇರಿದವು. ಅಮೆರಿಕದಲ್ಲಿರುವ ಮಗನ ಮನೆಗೆ ಹೋಗಿಬಂದ ಭಕ್ತರೊಬ್ಬರು ಹಿಂದೊಮ್ಮೆ ನಮಗೆ ಮಯಾಮಿ ಸೀಕ್ವೇರಿಯಮ್ಮಿನ ಭಾವಚಿತ್ರವೊಂದನ್ನು ತೋರಿಸಿದ್ದರು. ಕಪ್ಪು ಬಿಳುಪಿನ ಬೃಹತ್ ಜೀವಿಯೊಂದು ನೀರಿನಿಂದ ಚಿಮ್ಮಿತ್ತು. ಮೊಮ್ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರು. ಆ ಜೀವಿಯ ವೃತ್ತಾಂತವನ್ನು ನಾವು ಅನಂತರ ಓದಿ ತಿಳಿದೆವು.

ಅವಳು ಓರ್ಕಾ ಜಾತಿಯವಳು. ಹೆಸರು ಟೋಕಿಟೇ, ಪ್ರದರ್ಶನಕ್ಕೆ ಲೋಲಿತಾ. 1970ರ ಆಗಸ್ಟಿನಲ್ಲಿ ವಾಷಿಂಗ್ಟನ್ ರಾಜ್ಯದ ಪೆನ್ ಕೋವ್ ಎಂಬಲ್ಲಿ ಬಲೆಯೊಡ್ಡಿ ಹಿಡಿದಾಗ ಸುಮಾರು ನಾಲ್ಕು ವರ್ಷದ ಮರಿ. ಓರ್ಕಾಗಳು ತಾಯಿಯ ಬಳಗವನ್ನು ಜೀವಮಾನವಿಡೀ ಅಗಲದ ಜೀವಿಗಳು. ಆ ದಿನ ಕೆಲವು ಮರಿಗಳು ಬಲೆಯಲ್ಲೇ ಮುಳುಗಿ ಸತ್ತವು. ಬದುಕಿ ಉಳಿದ ಇವಳಿಗೆ ದೊರೆತದ್ದು 20 ಅಡಿ ಆಳದ ಕಾಂಕ್ರೀಟು ತೊಟ್ಟಿ. ಅವಳ ಉದ್ದವೂ ಹೆಚ್ಚುಕಡಿಮೆ ಅಷ್ಟೇ! ಜೊತೆಗಾರ ಹ್ಯೂಗೋ 1980ರಲ್ಲಿ ತೀರಿಕೊಂಡ ಮೇಲೆ ಅವಳು ತನ್ನ ಜಾತಿಯ ಇನ್ನೊಂದು ಜೀವಿಯನ್ನು ಕಾಣಲೇ ಇಲ್ಲ.

ಕಾನೂನು ಇರಲಿಲ್ಲವೆ? ಇತ್ತು. ಓರ್ಕಾದ ಕೊಳ ಕನಿಷ್ಠ 48 ಅಡಿ ಅಗಲವಿರಬೇಕೆಂದು ಅಲ್ಲಿಯ ಕೃಷಿ ಇಲಾಖೆಯ ನಿಯಮ. ತೊಟ್ಟಿಯ ನಡುವೆ ಕಾಂಕ್ರೀಟಿನ ದಿಬ್ಬವೊಂದಿದ್ದು, ಅದರ ಮುಂದೆ ಉಳಿದಿದ್ದ ಅಗಲ 35 ಅಡಿ. ಇಲಾಖೆಯಾದರೋ ದಿಬ್ಬವನ್ನು ಲೆಕ್ಕಕ್ಕೆ ಹಿಡಿಯದೆಯೇ ಅಳೆದು ಪರವಾನಗಿ ಕೊಡುತ್ತ ಬಂದಿತು. ಅಳೆಯುವವನೇ ಕೋಲನ್ನು ಬಗ್ಗಿಸಿದರೆ ದೂರುವುದು ಯಾರಲ್ಲಿ? 2017ರಲ್ಲಿ ಆ ಇಲಾಖೆಯದೇ ಲೆಕ್ಕಪರಿಶೋಧಕರು ಈ ತೊಟ್ಟಿ ನಿಯಮಕ್ಕೆ ಹೊಂದದಿರಬಹುದೆಂದು ಬರೆದರು.

2021ರ ತಪಾಸಣಾ ವರದಿ ಇನ್ನೂ ಕಠೋರವಾದುದು. ಕೊಳೆಯತೊಡಗಿದ ಮೀನನ್ನು ತಿನ್ನಿಸಿದ್ದು, ಪಶುವೈದ್ಯರ ಮಾತನ್ನು ಮೀರಿ ಆಹಾರ ಕಡಿತಗೊಳಿಸಿದ್ದು, ಮುದಿ ಜೀವಿಯಿಂದ ನೆಗೆತಗಳನ್ನು ಮಾಡಿಸಿ ದವಡೆಗೆ ಪೆಟ್ಟಾಗಿದ್ದು, ಎಲ್ಲವೂ ಅದರಲ್ಲಿವೆ. ಆದರೆ ನಮ್ಮ ಮನಸ್ಸನ್ನು ಹೆಚ್ಚು ಕಲಕಿದ್ದು ಅದರ ಮುಂದಿನ ಸಂಗತಿ. 2022ರಲ್ಲಿ ಒಡೆತನ ಬದಲಾದಾಗ ಹೊಸ ಪರವಾನಗಿಯಿಂದ ಅವಳ ತೊಟ್ಟಿಯನ್ನೇ ಹೊರಗಿಟ್ಟರು. ಪ್ರದರ್ಶನ ನಿಂತಿತು, ನಿಜ. ಅದರೊಡನೆ ಪ್ರಾಣಿಕಲ್ಯಾಣ ಕಾಯಿದೆಯ ತಪಾಸಣೆಯೂ ನಿಂತಿತು. ಟಿಕೆಟು ಕೊಂಡವರ ಕಣ್ಣಿಗೆ ಬೀಳುವವರೆಗೆ ಮಾತ್ರ ರಕ್ಷಣೆ. ಮರೆಯಾದ ಜೀವಿ ಕಾನೂನಿಗೂ ಮರೆ!

ಈ ವಿಷಯದಲ್ಲಿ ನಮ್ಮ ದೇಶ ಮೊದಲೇ ಎಚ್ಚೆತ್ತಿತೆಂಬುದು ಸಮಾಧಾನದ ಮಾತು. ವಿನೋದಕ್ಕಾಗಿ ಡಾಲ್ಫಿನ್ನುಗಳನ್ನು ಸೆರೆಯಿಡುವ ಕೇಂದ್ರಗಳಿಗೆ ಅನುಮತಿ ಕೂಡದೆಂದು 2013ರ ಮೇ ತಿಂಗಳಲ್ಲಿಯೇ ಕೇಂದ್ರ ಮೃಗಾಲಯ ಪ್ರಾಧಿಕಾರ ರಾಜ್ಯಗಳಿಗೆ ಸುತ್ತೋಲೆ ಕಳುಹಿಸಿತು.

ಟೋಕಿಟೇಯನ್ನು ಹುಟ್ಟಿದ ಕಡಲಿಗೆ ಮರಳಿಸುವ ಯೋಜನೆ 2023ರ ಮಾರ್ಚಿನಲ್ಲಿ ಪ್ರಕಟವಾಯಿತು. ಆಗಸ್ಟ್ 18ರಂದು ಅವಳು ತೊಟ್ಟಿಯಲ್ಲೇ ಅಸುನೀಗಿದಳು. ಉದ್ಯಾನ 2025ರ ಅಕ್ಟೋಬರಿನಲ್ಲಿ ಬಾಗಿಲು ಮುಚ್ಚಿತು. ಅವಳನ್ನು ತಮ್ಮ ಬಂಧುವೆಂದೇ ಭಾವಿಸಿದ್ದ ಲಮ್ಮಿ ಬುಡಕಟ್ಟಿನ ಜನ ಅವಳ ಚಿತಾಭಸ್ಮವನ್ನು ಒಯ್ದು, 53 ವರ್ಷಗಳ ಹಿಂದೆ ಅವಳನ್ನು ಕಿತ್ತುತಂದಿದ್ದ ಆ ಕಡಲಿಗೇ ಒಪ್ಪಿಸಿದರು.