ಬನ್ನಿಯ ಸಸಿ

ಬಾದಾಮಿಯ ಬನಶಂಕರಿಯ ಹೆಸರಿನಲ್ಲಿಯೇ ಬನವಿರುವದು. ಆದರೆ ಹುನಗುಂದ, ಇಳಕಲ್ಲಗಳ ಪಾಳುನೆಲದಲ್ಲಿ ಇಂದು ಕಣ್ಣಿಗೆ ಬೀಳುವದು ಅಮೇರಿಕೆಯಿಂದ ಬಂದ ಬಳ್ಳಾರಿ ಜಾಲಿ. ಆಡುಗಳು ಅದರ ಎಲೆಯನ್ನು ಬಿಟ್ಟು ಕಾಯನ್ನು ತಿಂದು, ಹಿಕ್ಕೆಯೊಡನೆ ಬೀಜವನ್ನು ಹರಡುವವು. ಈ ನೆಲದ ಬನ್ನಿಯ ಎಳೆಸಸಿಯನ್ನಾದರೋ ಬೇರೂರುವ ಮೊದಲೇ ಮೇದುಬಿಡುವವು. ದಸರೆಯಲ್ಲಿ ಬನ್ನಿಯೆಲೆಯನ್ನು ಬಂಗಾರವೆಂದು ಹಂಚುವ ಮನೆಗಳು ಅದೆಷ್ಟೋ. ಅದರ ಬೀಜವನ್ನಾಯ್ದು ಸಸಿಮಡಿಯಲ್ಲಿ ಬಿತ್ತುವವರು ವಿರಳ.

ಬಾಗಲಕೋಟೆಯಲ್ಲಿ 2008ರಲ್ಲಿ ಸ್ಥಾಪಿತವಾದ ತೋಟಗಾರಿಕೆ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳೂ ಊರ ತರುಣರೂ ಕೂಡಿ ಈ ಕೆಲಸಕ್ಕೆ ಕೈಹಚ್ಚಬೇಕು. ಬೇವಿನ ಬೀಜವಂತೂ ಕೆಲವೇ ವಾರಗಳಲ್ಲಿ ಸತ್ವಗೆಡುವದು. ಪರೀಕ್ಷೆ ಮುಗಿಯಲೆಂದು ಅದು ಕಾಯಲಾರದು. ಯಾವ ತಾಯಿಮರದ ಬೀಜವನ್ನಾಯಬೇಕೆಂಬುದನ್ನು ಅಂಕೋಲೆಯ ಕಡೆಯ ಸಸ್ಯಕ್ಷೇತ್ರದಲ್ಲಿ ದುಡಿದ ತುಳಸಿ ಗೌಡರು ಓದುಬರಹವಿಲ್ಲದೆಯೇ ಬಲ್ಲವರಾಗಿದ್ದರು. ಅವರು 2024ರಲ್ಲಿ ತೀರಿಕೊಂಡರು. ಇಲ್ಲಿಯ ಹಳ್ಳಿಗಳಲ್ಲಿಯೂ ಅಂಥ ಮುದುಕಿಯರು ಇನ್ನೂ ಕೆಲವರಿರುವರು.